ಸುಣ್ಣಕಲ್ಲಿನ ಇಳಿಜಾರಿನ ದ್ರಾಕ್ಷಾರಸ

ನಮ್ಮ ಲಾಕ್ಷಣಿಕರು ಕಾವ್ಯದ ಪಾಕಗಳನ್ನು ಹೆಸರಿಸುವಾಗ ದ್ರಾಕ್ಷಿಗೆ ಮೊದಲ ಮಣೆಯನ್ನು ಹಾಕಿದರು. ಬಾಯಿಗಿಟ್ಟೊಡನೆ ಕರಗಿ ರಸವಾಗುವುದು ದ್ರಾಕ್ಷಾಪಾಕ. ಸಿಪ್ಪೆಯನ್ನು ಸುಲಿದು ಸವಿಯಬೇಕಾದುದು ಕದಳೀಪಾಕ. ಕರಟವನ್ನೊಡೆಯದೆ ತಿರುಳು ದೊರೆಯದಿರುವುದು ನಾರಿಕೇಳಪಾಕ. ಆದರೆ ದ್ರಾಕ್ಷಿಯಿಂದಲೇ ಆದ ರಸವೊಂದು ತೆಂಗಿನಕಾಯಿಯಂತೆ ಬಿಗಿದುಕೊಂಡಿರಬಲ್ಲುದೆಂಬುದು ನನಗೆ ತಿಳಿದದ್ದು ಫ್ರಾನ್ಸಿನ ಬರ್ಗಂಡಿ ಸೀಮೆಯ ಉತ್ತರದಂಚಿನಲ್ಲಿರುವ ಶಾಬ್ಲಿ ಎಂಬ ಸಣ್ಣ ಊರಿನಲ್ಲಿ.

ಮದ್ಯದ ಸುದ್ದಿ ಈ ಪುಟಗಳಲ್ಲೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅದು ಹೊಸಿಲು ದಾಟದ ಮನೆಯಲ್ಲಿಯೇ ನಾನೂ ಬೆಳೆದವನು. ಇಲ್ಲಿ ಹೇಳಹೊರಟಿರುವುದು ಪಾನದ ಮಾತಲ್ಲ, ಪರೀಕ್ಷೆಯ ಮಾತು. ಪರೀಕ್ಷಕನು ರಸವನ್ನು ನುಂಗುವುದಿಲ್ಲ. ನಾಲಗೆಯ ಮೇಲೆ ಹೊರಳಿಸಿ ಉಗುಳಿಬಿಡುತ್ತಾನೆ. ಸವಿಯಬೇಕು, ಆದರೆ ಸವಿಗೆ ವಶನಾಗಬಾರದು. ಇದು ಸಹೃದಯನ ವ್ರತಕ್ಕೆ ಬಹು ದೂರದ್ದೇನೂ ಅಲ್ಲ.

ಸೆರೆನ್ ಹೊಳೆಯ ಬಲದಂಡೆಯಲ್ಲಿ ನೈಋತ್ಯಕ್ಕೆ ಮುಖಮಾಡಿದ ಒಂದು ಇಳಿಜಾರಿದೆ. ವಿಸ್ತಾರ ಸುಮಾರು 100 ಹೆಕ್ಟೇರು. ಅದರಲ್ಲಿ ಏಳು ಪಾಲುಗಳು, ಏಳಕ್ಕೂ ಬೇರೆ ಬೇರೆ ಹೆಸರು. 1114ರಲ್ಲಿ ಸ್ಥಾಪಿತವಾದ ಪೊಂತಿನ್ಯಿ ಮಠದ ಸಂನ್ಯಾಸಿಗಳು ಮಧ್ಯಯುಗದಲ್ಲಿ ಈ ಸೀಮೆಯಲ್ಲಿ ಬಳ್ಳಿಗಳನ್ನು ಸಾಕಿದರು. 1938ರಲ್ಲಿ ಸರಕಾರವು ಎಲ್ಲೆಗಳನ್ನು ಕಾಯಿದೆಯಿಂದ ಗುರುತಿಸಿತು. ಬೆಳೆಯುವ ತಳಿ ಶಾರ್ಡನೆ ಒಂದೇ. ಕಾಲ ಕೆಳಗಿನ ನೆಲವು ಸುಮಾರು 15 ಕೋಟಿ ವರ್ಷಗಳ ಹಿಂದೆ ಕಡಲಿನ ತಳವಾಗಿದ್ದಿತು. ಸುಣ್ಣಕಲ್ಲೂ ಜೇಡಿಯೂ ಬೆರೆತ ಒಂದು ಹೆಂಟೆಯನ್ನು ಕೈಗೆತ್ತಿಕೊಂಡರೆ, ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಪುಟ್ಟ ಸಿಂಪಿಗಳು ಅದರಲ್ಲಿ ಕಲ್ಲಾಗಿ ಕುಳಿತಿರುವುದು ಕಾಣುತ್ತದೆ.

ನೆಲಮಾಳಿಗೆಯ ವೃದ್ಧ ಯಜಮಾನರು ಹೆಸರಿನ ಚೀಟಿಯನ್ನು ಬಟ್ಟೆಯಿಂದ ಮುಚ್ಚಿದ ಎರಡು ಸೀಸೆಗಳನ್ನು ತಂದಿಟ್ಟರು. "ಮೊದಲು ನಾಲಗೆಯನ್ನು ಕೇಳಿರಿ, ಆಮೇಲೆ ಚೀಟಿಯನ್ನು" ಎಂದರು. ಬಿಳಿಯ ಬಟ್ಟೆಯ ಮುಂದೆ ಹಿಡಿದಾಗ ಎರಡೂ ಒಂದೇ: ಎಳೆಯ ಹುಲ್ಲಿನ ಬಣ್ಣ, ಅಂಚಿನಲ್ಲಿ ತುಸು ಹಸುರು. ಮೊದಲನೆಯದು ನಿಂಬೆಯ ಸಿಪ್ಪೆಯಂತೆ ಥಟ್ಟನೆ ಘಮಘಮಿಸಿತು. ಬಾಯಲ್ಲಿ ಚುರುಕಾದ ಹುಳಿ. ಉಗುಳಿದ ಮೇಲೆ ಹತ್ತೆಣಿಸುವುದರೊಳಗೆ ಏನೂ ಉಳಿಯಲಿಲ್ಲ. ಎರಡನೆಯದು ಮೊದಮೊದಲು ಮಾತೇ ಆಡಲಿಲ್ಲ. ಬಟ್ಟಲನ್ನು ಮೆಲ್ಲಗೆ ಸುತ್ತಿಸಿ ಕಾದ ಬಳಿಕ ಹಸಿಯ ಸೇಬು, ಆಮೇಲೆ ಮಳೆಯಲ್ಲಿ ನೆನೆದ ಚಪ್ಪಡಿಯ ವಾಸನೆ. ಹುಳಿಯು ಚುಚ್ಚದೆ ನಾಲಗೆಯ ಉದ್ದಕ್ಕೂ ನೆಟ್ಟಗೆ ನಡೆಯಿತು. ಹಿಂದೆಯೇ ಉಪ್ಪಿನ ನೆನಪು. ಮೆಟ್ಟಲುಗಳನ್ನೇರಿ ಹೊರಗೆ ಬಂದಾಗಲೂ ಅದು ಬಾಯಿಂದ ಹೋಗಿರಲಿಲ್ಲ. ಮೊದಲನೆಯದು ಬೆಟ್ಟದ ನೆತ್ತಿಯ ತೋಟದ್ದು; ಎರಡನೆಯದು ಇಳಿಜಾರಿನದು.

ಹಾಗಾದರೆ ನಾನು ಸವಿದದ್ದು ಆ ಸಿಂಪಿಗಳನ್ನೆ? ಹಾಗೆ ಹೇಳಿದರೆ ಮಾತು ಸೊಗಸಾಗುತ್ತದೆ. ಆದರೆ ಭೂವಿಜ್ಞಾನಿಗಳು ಒಪ್ಪುವುದಿಲ್ಲ: ಕಲ್ಲಿಗೆ ರುಚಿಯಿಲ್ಲ, ಬೇರು ಹೀರುವ ಖನಿಜಾಂಶವು ನಾಲಗೆಗೆ ತಿಳಿಯುವಷ್ಟಿಲ್ಲ. ಸುಣ್ಣದ ನೆಲವು ಹೆಚ್ಚಿನ ನೀರನ್ನು ಬಸಿದು, ಬೇಕಾದಷ್ಟನ್ನು ಒಳಗಿಟ್ಟುಕೊಳ್ಳುತ್ತದೆ. ಇಳಿಜಾರು ಬಿಸಿಲನ್ನು ಹಿಡಿಯುತ್ತದೆ. ತಂಪಾದ ಹವೆಯು ಹುಳಿಯನ್ನು ಕಾಯುತ್ತದೆ. ಕಲ್ಲಿನ ಕೆಲಸ ದೊಡ್ಡದೇ, ಆದರೆ ಪರೋಕ್ಷವಾದುದು. ನಾಲಗೆಯ ಸಾಕ್ಷಿಯೂ ಪೂರ್ಣವಾಗಿ ನೆಚ್ಚತಕ್ಕುದಲ್ಲ. 2001ರಲ್ಲಿ ಪ್ರಕಟವಾದ ಬೋರ್ಡೋದ ಪ್ರಯೋಗವೊಂದರಲ್ಲಿ, ಬಿಳಿಯ ರಸಕ್ಕೇ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿಕೊಟ್ಟಾಗ 54 ಮಂದಿ ಪರೀಕ್ಷಕರು ಅದನ್ನು ಕೆಂಪು ರಸಕ್ಕೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಕಣ್ಣು ಮೊದಲೇ ತೀರ್ಪು ಬರೆದಿಟ್ಟರೆ ನಾಲಗೆ ಅದಕ್ಕೆ ರುಜುಹಾಕುತ್ತದೆ. ಕವಿಯ ಹೆಸರನ್ನು ನೋಡಿ ಕವಿತೆಗೆ ತಲೆದೂಗುವವರು ನಮ್ಮಲ್ಲಿಯೂ ಕಡಮೆಯಿಲ್ಲವಷ್ಟೆ.

ಇಷ್ಟೊಂದು ಎಚ್ಚರಿಕೆ ಒಂದು ಗುಟುಕಿಗಾಗಿಯೆ ಎಂದರೆ, ಆ ಗುಟುಕಿನ ಹಿಂದೆ ಒಂದು ಸಂಸಾರದ ವರುಷವಿದೆ. ಅಲ್ಲಿ ಏಪ್ರಿಲ್ ತಿಂಗಳ ರಾತ್ರಿಗಳು ಕ್ರೂರವಾದುವು. ಇಬ್ಬನಿಯು ಹೆಪ್ಪುಗಟ್ಟಿ ಎಳೆಯ ಚಿಗುರುಗಳು ಕರಕಾಗುತ್ತವೆ. ಬೇಸಾಯಗಾರರು ಸಾಲುಗಳ ನಡುವೆ ಬೆಂಕಿಯನ್ನಿಡುತ್ತಾರೆ. ಇಲ್ಲವೆ ನೀರನ್ನು ಚಿಮುಕಿಸುತ್ತಾರೆ. ಆ ನೀರು ಮಂಜುಗಡ್ಡೆಯಾಗುವಾಗ ಬಿಟ್ಟುಕೊಡುವ ಶಾಖವೇ ಚಿಗುರಿಗೆ ರಕ್ಷೆ! 2021ರ ಏಪ್ರಿಲ್ಲಿನಲ್ಲಿ ಇಷ್ಟು ಮಾಡಿಯೂ ಫಸಲಿನ ಬಹುಭಾಗವನ್ನು ಕಳೆದುಕೊಂಡ ತೋಟಗಳುಂಟು. ಉಳಿದ ಗೊಂಚಲುಗಳ ರಸವನ್ನು ಯಾರೋ ಒಬ್ಬನು ಅರೆನಿಮಿಷ ಬಾಯಲ್ಲಿಟ್ಟು, "ಪರವಾಯಿಲ್ಲ" ಎಂದು ಬರೆದುಬಿಟ್ಟರೆ ಬೆಲೆ ಇಳಿಯುತ್ತದೆ. ಇಲ್ಲದ ಗುಣವನ್ನು ಹೊಗಳಿದರೆ ಕೊಳ್ಳುವವನಿಗೆ ದ್ರೋಹ.

ಬೀಳ್ಕೊಳ್ಳುವಾಗ ಯಜಮಾನರು ನನ್ನ ಅಭಿಪ್ರಾಯವನ್ನು ಕೇಳಿದರು. ಎರಡನೆಯದು ಹಿರಿದೆಂದೂ, ಆದರೆ ಅದು ಇನ್ನೂ ತೆರೆದಿಲ್ಲವಾಗಿ ಕೆಲವು ವರ್ಷ ಕಾಯಬೇಕೆಂದೂ, ಮೊದಲನೆಯದು ಈ ಬೇಸಗೆಗೇ ತಕ್ಕುದೆಂದೂ ಹೇಳಿದೆನು. ಅವರು ಸಂತೋಷವನ್ನಾಗಲಿ ಬೇಸರವನ್ನಾಗಲಿ ತೋರಿಸದೆ, ಪೀಪಾಯಿಯ ಮೇಲೆ ಸೀಮೆಸುಣ್ಣದಿಂದ ಏನನ್ನೋ ಗುರುತುಹಾಕಿಕೊಂಡರು.