ಯಕೃತ್ತಿನ ಔಷಧಿಯೂ ಅನುಮೋದನೆಯ ಪ್ರಶ್ನೆಯೂ

ಬೆಳಗಾವಿ ಜಿಲ್ಲೆಯ ಒಂದು ಊರಿನ ನಿವೃತ್ತ ಅಧ್ಯಾಪಕರೊಬ್ಬರಿಗೆ 2019ರಲ್ಲಿ ತಮ್ಮ ಯಕೃತ್ತು ರೋಗಗ್ರಸ್ತವಾಗಿದೆಯೆಂಬ ಸಂಗತಿ ಅಕಸ್ಮಾತ್ತಾಗಿ ತಿಳಿಯಿತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ನಡೆಸಿದ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ವೈರಾಣು ಪತ್ತೆಯಾಗಿತ್ತು. ಜೀವಮಾನದಲ್ಲಿ ಮದ್ಯವನ್ನು ಮುಟ್ಟದ, ಸೂರ್ಯಾಸ್ತದ ನಂತರ ಆಹಾರ ಸ್ವೀಕರಿಸದ ಅಣುವ್ರತಿಗೆ ಯಕೃತ್ತಿನ ರೋಗವೆಂದರೆ ನೆರೆಹೊರೆಯವರಿಗೆ ಅಚ್ಚರಿ. ಕೆಲವರಿಗೆ ಬಾಯಿಬಿಟ್ಟು ಹೇಳಲಾರದ ಅನುಮಾನ. ವೈದ್ಯರು ಹಿಂದಿನದನ್ನೆಲ್ಲ ವಿಚಾರಿಸಿದಾಗ 1986ರ ಒಂದು ಬಸ್ಸಿನ ಅಪಘಾತವೂ, ಆಗ ಮೈಗೆ ಏರಿಸಿದ ಎರಡು ಬಾಟಲಿ ರಕ್ತವೂ ನೆನಪಿಗೆ ಬಂದವು. ಆ ವರ್ಷ ಈ ವೈರಾಣುವಿಗೆ ಹೆಸರೇ ಇರಲಿಲ್ಲ. ಅದನ್ನು ರಕ್ತದಲ್ಲಿ ಗುರುತಿಸುವ ಪರೀಕ್ಷೆ ಪ್ರಪಂಚದ ಯಾವ ಪ್ರಯೋಗಶಾಲೆಯಲ್ಲೂ ಇರಲಿಲ್ಲ. ಮೂವತ್ತಮೂರು ವರ್ಷ ಅದು ಸದ್ದಿಲ್ಲದೆ ಯಕೃತ್ತಿನಲ್ಲಿ ವಾಸವಾಗಿತ್ತು.

2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದನ್ವಯ ಔಷಧಿ ಉಚಿತವಾಗಿ ದೊರೆಯಿತು. ಸೊಫೋಸ್ಬುವಿರ್ ಮತ್ತು ಡಕ್ಲಟಾಸ್ವಿರ್ ಎಂಬ ಎರಡು ಮಾತ್ರೆಗಳು, ದಿನಕ್ಕೊಮ್ಮೆ, ಹನ್ನೆರಡು ವಾರ. ಅಧ್ಯಾಪಕರು ಕೇಳಿದ ಪ್ರಶ್ನೆ ಒಂದೇ: ಇದರಲ್ಲಿ ಮೂಳೆ-ಚರ್ಮಗಳಿಂದ ತಯಾರಿಸುವ ಜೆಲಾಟಿನ್ ಇದೆಯೆ? ಇದು ಕ್ಯಾಪ್ಸೂಲ್ ಅಲ್ಲ, ಮಾತ್ರೆ ಎಂದು ವೈದ್ಯರು ತೋರಿಸಿದರು. ಸಮಾಧಾನವಾಯಿತು. ಚಿಕಿತ್ಸೆ ಮುಗಿದು ಮತ್ತೆ ಹನ್ನೆರಡು ವಾರಗಳ ನಂತರದ ಪರೀಕ್ಷೆಯಲ್ಲಿ ವೈರಾಣು ಇಲ್ಲವಾಗಿತ್ತು. ಹಿಂದೆ ಇಂಟರ್‌ಫೆರಾನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ತೆಗೆದುಕೊಂಡು, ಜ್ವರ-ಖಿನ್ನತೆಗಳನ್ನು ಅನುಭವಿಸಿಯೂ ಅರ್ಧದಷ್ಟು ಜನರಷ್ಟೇ ಗುಣ ಹೊಂದುತ್ತಿದ್ದ ರೋಗವಿದು. ಈಗ ನೂರಕ್ಕೆ ತೊಂಬತ್ತೈದು ಮಂದಿ ಗುಣವಾಗುತ್ತಾರೆ.

2020ರ ಅಕ್ಟೋಬರದಲ್ಲಿ ಈ ವೈರಾಣುವಿನ ಶೋಧಕ್ಕಾಗಿ ಹಾರ್ವಿ ಆಲ್ಟರ್, ಮೈಕೇಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಿತವಾಯಿತು. ಧಾರವಾಡದಲ್ಲಿ ಜೀವಶಾಸ್ತ್ರ ಓದುತ್ತಿದ್ದ ಮೊಮ್ಮಗಳು ಪತ್ರಿಕೆಯ ಸುದ್ದಿಯನ್ನು ಓದಿ ಹೇಳಿದಳು. ತಾತನ ಒತ್ತಾಯಕ್ಕೆ ಅದರ ಹಿಂದಿನ ಇತಿಹಾಸವನ್ನೂ ಬಿಡಿಸಿ ಹೇಳಿದಳು. ತಾತನ ನೆಮ್ಮದಿ ಕದಡಿದ್ದು ಆ ಇತಿಹಾಸದಿಂದ.

ಆ ಇತಿಹಾಸ ಹೀಗಿದೆ. 1970ರ ದಶಕದಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ರಕ್ತ ಪಡೆದ ರೋಗಿಗಳಿಗೆ ಕಾಮಾಲೆ ಬರುತ್ತಿರುವುದನ್ನು ಆಲ್ಟರ್ ಪರಿಶೀಲಿಸುತ್ತಿದ್ದರು. ಅದು ಹೆಪಟೈಟಿಸ್ ಎ ಅಲ್ಲ, ಬಿ ಸಹ ಅಲ್ಲ. ಹಾಗಾದರೆ ಯಾವುದು? ಮನುಷ್ಯನನ್ನು ಬಿಟ್ಟರೆ ಈ ರೋಗ ತಗಲುವ ಪ್ರಾಣಿ ಚಿಂಪಾಂಜಿಯೊಂದೇ. 1978ರಲ್ಲಿ ರೋಗಿಗಳ ರಕ್ತದ್ರವವನ್ನು ಚಿಂಪಾಂಜಿಗಳಿಗೆ ಚುಚ್ಚಿ, ರೋಗ ಅವುಗಳಿಗೆ ಹರಡುವುದನ್ನು ತೋರಿಸಲಾಯಿತು. ಮುಂದೆ ಸೋಂಕು ತಗಲಿಸಿದ ಚಿಂಪಾಂಜಿಗಳ ರಕ್ತವೇ ಸಂಶೋಧನೆಯ ಕಚ್ಚಾವಸ್ತುವಾಯಿತು. ಕ್ಯಾಲಿಫೋರ್ನಿಯದ ಕೈರಾನ್ ಸಂಸ್ಥೆಯಲ್ಲಿ ಹೌಟನ್, ಕ್ವೀ-ಲಿಮ್ ಚೂ, ಜಾರ್ಜ್ ಕೂ ಅವರು ಡೇನಿಯಲ್ ಬ್ರಾಡ್ಲಿ ಒದಗಿಸಿದ ಅಂತಹ ರಕ್ತದಿಂದ ಸುಮಾರು ಹತ್ತು ಲಕ್ಷ ತದ್ರೂಪು ತುಣುಕುಗಳನ್ನು ಜಾಲಾಡಿ, ಕೊನೆಗೆ ಒಂದೇ ಒಂದು ತುಣುಕಿನಲ್ಲಿ ವೈರಾಣುವಿನ ಸುಳಿವನ್ನು ಕಂಡರು. 1989ರಲ್ಲಿ ಅದು ಪ್ರಕಟವಾಯಿತು. ಈ ವೈರಾಣುವೊಂದೇ ರೋಗಕ್ಕೆ ಸಾಕೆ ಎಂಬುದನ್ನು ರೈಸ್ 1997ರಲ್ಲಿ ಸಿದ್ಧಪಡಿಸಿದ್ದೂ ಚಿಂಪಾಂಜಿಯ ಯಕೃತ್ತಿಗೆ ನೇರವಾಗಿ ಚುಚ್ಚಿಯೇ. ಇಂತಹ ಪ್ರಯೋಗಗಳಿಗೆ ಬಳಸಿದ ಚಿಂಪಾಂಜಿಗಳಲ್ಲಿ ಹಲವು ಆಫ್ರಿಕಾದ ಕಾಡುಗಳಿಂದ ಮರಿಗಳಾಗಿದ್ದಾಗಲೇ ತಂದವು. ಮರಿಯನ್ನು ಹಿಡಿಯಲು ತಾಯಿಯನ್ನು ಕೊಲ್ಲುವುದು ಸಾಮಾನ್ಯವಾಗಿತ್ತು. ಗುಂಪಿನಲ್ಲಿ ಬಾಳುವ, ಐವತ್ತು ವರ್ಷ ಬದುಕಬಲ್ಲ ಪ್ರಾಣಿಗೆ ಪಂಜರವಾಸ, ಮೇಲಿಂದಮೇಲೆ ಸೂಜಿಯಿಂದ ಯಕೃತ್ತಿನ ಚೂರು ತೆಗೆಯುವಿಕೆ.

ಇಲ್ಲೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ತಮ್ಮ ಇಬ್ಬರು ಸಹೋದ್ಯೋಗಿಗಳಿಗೆ ಪಾಲಿಲ್ಲವೆಂಬ ಕಾರಣಕ್ಕೆ ಹೌಟನ್ 2013ರಲ್ಲಿ ಕೆನಡದ ಗೇರ್ಡ್‌ನರ್ ಪ್ರಶಸ್ತಿಯನ್ನು ನಿರಾಕರಿಸಿದ್ದರು. ಶ್ಲಾಘ್ಯವಾದ ನಡತೆ. ಮನುಷ್ಯರೊಳಗಿನ ಋಣವನ್ನು ಇಷ್ಟು ಸೂಕ್ಷ್ಮವಾಗಿ ತೂಗಬಲ್ಲ ವಿಜ್ಞಾನಪ್ರಪಂಚ ಆ ಪಂಜರಗಳ ಋಣವನ್ನು ಯಾವ ತಕ್ಕಡಿಯಲ್ಲಿಟ್ಟಿತೆಂಬುದು ಬೇರೆ ಮಾತು.

ಅಧ್ಯಾಪಕರು ತಮ್ಮ ಕಳವಳವನ್ನು ಬಸದಿಯ ಸ್ವಾಧ್ಯಾಯದಲ್ಲಿ ಮುಂದಿಟ್ಟಾಗ ಎಲ್ಲರೂ ಸಮಾಧಾನ ಹೇಳಿದರು. ಆ ಪ್ರಯೋಗವನ್ನು ತಾವು ಮಾಡಲಿಲ್ಲ, ಮಾಡಿಸಲಿಲ್ಲ, ಮಾತ್ರೆಯಲ್ಲಿ ಜೆಲಾಟಿನ್ ಸಹ ಇಲ್ಲ, ಇನ್ನು ದೋಷವೆಲ್ಲಿಯದು? ಈ ಸಮಾಧಾನ ಸದುದ್ದೇಶದ್ದೇ, ಆದರೆ ಸಾಲದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜೀವಾಧಿಕರಣವನ್ನು ನೂರೆಂಟು ಬಗೆಯಾಗಿ ಎಣಿಸುತ್ತದೆ: ಸಂಕಲ್ಪ, ಸಿದ್ಧತೆ, ಕಾರ್ಯಾರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಇವುಗಳ ಗುಣಾಕಾರವೇ ನೂರೆಂಟು. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು ಎಂಬ ಎರಡು ಮನೆಗಳು ಖಾಲಿಯಾಗಿದ್ದರೂ, ಇತರರು ಮಾಡಿದ್ದನ್ನು ಒಳ್ಳೆಯದಾಯಿತೆಂದು ಒಪ್ಪಿದ್ದು ಎಂಬ ಮೂರನೆಯ ಮನೆ ಉಳಿದೇ ಇರುತ್ತದೆ. ಗುಣವಾದ ದಿನ ಅಧ್ಯಾಪಕರಿಗೆ ಆದ ಹರ್ಷ ಕೇವಲ ಆರೋಗ್ಯದ ಹರ್ಷವೋ, ಅದನ್ನು ತಂದುಕೊಟ್ಟ ಸರಪಳಿಗೆಲ್ಲ ಇತ್ತ ಸಮ್ಮತಿಯೋ? ಈ ಪ್ರಶ್ನೆಗೆ ಉತ್ತರ ಹೊರಗಿನವರಿಂದ ದೊರೆಯುವಂತಹುದಲ್ಲ.

ನಮ್ಮ ವೈದ್ಯಪರಂಪರೆ ಈ ವಿಷಯದಲ್ಲಿ ಉದಾಸೀನವಾಗಿರಲಿಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ಚಿಕಿತ್ಸೆಯನ್ನು ನಿರೂಪಿಸಿದರು. ಔಷಧಿಗೆ ಮಾಂಸ ಬೇಕಿಲ್ಲವೆಂಬ ವಾದವನ್ನು ನೃಪತುಂಗ ಅಮೋಘವರ್ಷನ ಸಭೆಯಲ್ಲಿಯೇ ಮಂಡಿಸಿದರೆಂದು ಆ ಗ್ರಂಥದಿಂದ ತಿಳಿಯುತ್ತದೆ. ಆದರೆ ಅವರ ಮುಂದಿದ್ದದ್ದು ದ್ರವ್ಯದ ಪ್ರಶ್ನೆ, ಔಷಧಿಯ ಒಳಗೆ ಏನಿದೆ ಎಂಬುದು. ಇಂದಿನ ಪ್ರಶ್ನೆ ಮಾತ್ರೆಯೊಳಗೆ ಏನಿದೆ ಎಂಬುದಲ್ಲ. ಹಿಂಸೆಯಿರುವುದು ಅದನ್ನು ಸಾಧ್ಯವಾಗಿಸಿದ ಜ್ಞಾನದಲ್ಲಿ. ಜೆಲಾಟಿನ್ ಕೇಳುವುದನ್ನು ಸಮಾಜ ಕಲಿತಿದೆ. ಇದನ್ನು ಕೇಳುವುದನ್ನು ಇನ್ನೂ ಕಲಿತಿಲ್ಲ.

ಮೊಮ್ಮಗಳು ಮತ್ತೊಂದು ಮುಖವನ್ನೂ ತೋರಿಸಿದಳು. 1999ರಲ್ಲಿ ಜರ್ಮನಿಯ ಮೈನ್ಸ್ ನಗರದಲ್ಲಿ ಫೋಲ್ಕರ್ ಲೋಮನ್ ಮತ್ತು ರಾಲ್ಫ್ ಬಾರ್ಟನ್‌ಶ್ಲಾಗರ್ ಈ ವೈರಾಣುವಿನ ಆನುವಂಶಿಕ ವಸ್ತುವು ಗಾಜಿನ ತಟ್ಟೆಯಲ್ಲಿಯೇ, ಮನುಷ್ಯನ ಯಕೃತ್ತಿನ ಅರ್ಬುದದಿಂದ ಬೆಳೆಸಿದ ಜೀವಕೋಶಗಳಲ್ಲಿ ತನ್ನಷ್ಟಕ್ಕೆ ಇಮ್ಮಡಿಸುವಂತೆ ಮಾಡಿದರು. ಆ ಜೀವಕೋಶಗಳು ಒಬ್ಬ ಜಪಾನೀ ರೋಗಿಯಿಂದ ಬಂದವು. ಸಾವಿರಾರು ರಾಸಾಯನಿಕಗಳನ್ನು ಅವುಗಳ ಮೇಲೆಯೇ ಪರೀಕ್ಷಿಸಲು ಸಾಧ್ಯವಾದುದರಿಂದ ಹೊಸ ಔಷಧಿಗಳ ದಾರಿ ತೆರೆಯಿತು. 2013ರ ಡಿಸೆಂಬರಿನಲ್ಲಿ ಸೊಫೋಸ್ಬುವಿರ್‌ಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಒಂದು ಮಾತ್ರೆಗೆ ಅಲ್ಲಿ ಸಾವಿರ ಡಾಲರ್ ಬೆಲೆಯಿಟ್ಟದ್ದು ಲೋಭಕಷಾಯದ ಬೇರೆಯೇ ಕಥೆ. 2014ರ ಪರವಾನಗಿಗಳ ನಂತರ ಭಾರತದ ಕಾರ್ಖಾನೆಗಳು ಅದನ್ನು ಬಡವರ ಕೈಗೆಟುಕುವಂತೆ ಮಾಡಿದವು. ಅಂದರೆ ವೈರಾಣುವನ್ನು ಕಂಡುಹಿಡಿಯುವಲ್ಲಿ ಪಂಚೇಂದ್ರಿಯ ಸಂಜ್ಞೀ ಜೀವಿಯ ಹಿಂಸೆಯಿತ್ತು. ಔಷಧಿಯನ್ನು ಶೋಧಿಸುವಲ್ಲಿ ಅದರ ಅಗತ್ಯ ಬಹುಮಟ್ಟಿಗೆ ತಪ್ಪಿತ್ತು. ಕಾಲವೂ ಬದಲಾಯಿತು. ಚಿಂಪಾಂಜಿಗಳ ಮೇಲಿನ ಬಹುಪಾಲು ಪ್ರಯೋಗಗಳು ಅನಗತ್ಯವೆಂದು 2011ರಲ್ಲಿ ಅಮೆರಿಕದ ತಜ್ಞಸಮಿತಿಯೊಂದು ವರದಿಯಿತ್ತಿತು. 2015ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಅವುಗಳನ್ನು ಸಂಪೂರ್ಣ ಕೈಬಿಟ್ಟವು.

ಆದರೆ ಅದೇ ಸಮಿತಿ ಒಂದು ವಿಷಯದಲ್ಲಿ ಸಮನಾಗಿ ಇಬ್ಭಾಗವಾಗಿತ್ತು: ಹೆಪಟೈಟಿಸ್ ಸಿ ತಡೆಯುವ ಲಸಿಕೆಗೆ ಚಿಂಪಾಂಜಿ ಬೇಕೆ, ಬೇಡವೆ? ಆ ಲಸಿಕೆ ಇಂದಿಗೂ ಸಿದ್ಧವಾಗಿಲ್ಲ. ಮನುಷ್ಯರ ಮೇಲೆ ಪರೀಕ್ಷಿಸಿದ ಒಂದು ಲಸಿಕೆ ದೀರ್ಘಕಾಲದ ಸೋಂಕನ್ನು ತಡೆಯಲಿಲ್ಲವೆಂದು 2021ರಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಐದು ಕೋಟಿ ಜನರಲ್ಲಿ ಈ ವೈರಾಣುವಿದೆ. ಅವರಲ್ಲಿ ಹೆಚ್ಚಿನವರಿಗೆ ತಮಗಿದೆಯೆಂಬ ಅರಿವೇ ಇಲ್ಲ. ಆದ್ದರಿಂದ ವೈದ್ಯವಿಜ್ಞಾನದಲ್ಲಿ ಈಗ ಹೊಸದೊಂದು ಚರ್ಚೆ ನಡೆದಿದೆ. ಗುಣಪಡಿಸುವ ಔಷಧಿ ಕೈಯಲ್ಲಿರುವುದರಿಂದ, ಎಲ್ಲವನ್ನೂ ತಿಳಿದು ಒಪ್ಪಿದ ಸ್ವಯಂಸೇವಕರಿಗೆ ಲಸಿಕೆ ಕೊಟ್ಟು, ವೈರಾಣುವನ್ನು ಚುಚ್ಚಿ, ಸೋಂಕು ತಗಲಿದವರನ್ನು ಮಾತ್ರೆಯಿಂದ ಗುಣಪಡಿಸಬಾರದೇಕೆ?

ಅಧ್ಯಾಪಕರಿಗೆ ಇದು ಮೊದಲಿಗೆ ಬಹಳ ಹಿಡಿಸಿತು. ಕೇಳಲಾಗದ ಮೂಕಜೀವಿಯ ಬದಲು ಕೇಳಿಸಿಕೊಂಡು ಒಪ್ಪಬಲ್ಲವನು ಕಷ್ಟವನ್ನು ತಾನೇ ಹೊರುವುದು ನ್ಯಾಯವೆಂದು ತೋರಿತು. ಆಗ ಮೊಮ್ಮಗಳು ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ವಸತಿಶಾಲೆಯ ಪ್ರಸಂಗವನ್ನು ಹೇಳಿದಳು. 1956ರಿಂದ ಮುಂದೆ ಅಲ್ಲಿ ಸಾಲ್ ಕ್ರುಗ್‌ಮನ್ ಎಂಬ ವೈದ್ಯರು ಬುದ್ಧಿಮಾಂದ್ಯ ಮಕ್ಕಳಿಗೆ ಬೇಕೆಂದೇ ಹೆಪಟೈಟಿಸ್ ತಗಲಿಸಿ ಅಭ್ಯಾಸ ಮಾಡಿದ್ದರು. ತಂದೆತಾಯಿಗಳ ಸಹಿಯಿತ್ತು. ಆದರೆ ಕಿಕ್ಕಿರಿದ ಆ ಶಾಲೆಯಲ್ಲಿ ಸಾಮಾನ್ಯ ಪ್ರವೇಶ ನಿಂತುಹೋಗಿದ್ದಾಗಲೂ ಪ್ರಯೋಗದ ವಿಭಾಗದಲ್ಲಿ ಜಾಗವಿತ್ತು.

ತಾತ ಬಹಳ ಹೊತ್ತು ಸುಮ್ಮನಿದ್ದರು. ಹಣದ ಅಗತ್ಯಕ್ಕಾಗಿ ತೋಳೊಡ್ಡುವವನ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬೇಕೋ, ಹಣ ಕೊಟ್ಟವರ ಕಾರಿತವೆನ್ನಬೇಕೋ ಎಂದು ಕೇಳಿದರು. ಮೊಮ್ಮಗಳ ಬಳಿ ಸಿದ್ಧ ಉತ್ತರವಿರಲಿಲ್ಲ. ಸೂರ್ಯಾಸ್ತಕ್ಕೆ ಅರ್ಧ ಗಂಟೆಯಷ್ಟೇ ಉಳಿದಿದ್ದುದರಿಂದ ಒಳಗಿನಿಂದ ಊಟಕ್ಕೆ ಕರೆ ಬಂದು ಇಬ್ಬರೂ ಎದ್ದರು.