ಹಳೇ ಜೀಪಿಗೆ ಹೊಸ ಎಂಜಿನ್

ನಮ್ಮ ಪಾವಗಡ, ಮಧುಗಿರಿ ಕಡೆ ಗಾಡಿಯ ತಗಡಿಗೆ ಅಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಮಳೆ ಕಡಿಮೆ, ಗಾಳಿಯಲ್ಲಿ ಕರಾವಳಿಯ ಉಪ್ಪಿಲ್ಲ. ಆದರೆ ಧೂಳಿಗೆ ಬರವಿಲ್ಲ. ಏರ್ ಫಿಲ್ಟರ್ ತಪ್ಪಿಸಿ ಒಳಹೊಕ್ಕ ಧೂಳು ಪಿಸ್ಟನ್ ರಿಂಗನ್ನೂ ಬೋರನ್ನೂ ಸವೆಸುತ್ತದೆ. ಮೈ ಗಟ್ಟಿಮುಟ್ಟಾಗಿರುವಾಗಲೇ ಎಂಜಿನ್ ಹೊಗೆ ಉಗುಳತೊಡಗುತ್ತದೆ. ಅಂಥ ಜೀಪನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಬೇರೆ ಎಂಜಿನ್ ಕೂರಿಸುವ ಮಾತು ಹುಟ್ಟುವುದೇ ಅಲ್ಲಿ.

ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಜೋಡಿಸಲು ಶುರು ಮಾಡಿದ ವಿಲ್ಲೀಸ್ ಜೀಪುಗಳು ಪೆಟ್ರೋಲಿನವು. ಆಮೇಲೆ ಅವಕ್ಕೆ ಬಂದ ಹರಿಕೇನ್ ಎಂಬ 2.2 ಲೀಟರ್ ಎಂಜಿನ್ನಿಗೆ ಶಕ್ತಿ ಬೇಕಾದಷ್ಟಿತ್ತು, ಬಾಯಾರಿಕೆಯೂ ಅಷ್ಟೇ ಇತ್ತು. ಕಡಲೆಕಾಯಿ ಬೆಳೆಯುವ ರೈತನಿಗೆ ಅದನ್ನು ಸಾಕುವುದು ಕಷ್ಟ. ಮುಂದೆ ಅದೇ ಕಂಪನಿ 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ ಹಾಕಿ ಜೀಪು ಬಿಟ್ಟಾಗ ಹಳೇ ಗಾಡಿಗಳವರಿಗೂ ದಾರಿ ಕಂಡಿತು. ಅಂಬಾಸಿಡರಿಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿ ಬಾಡಿಗೆಗೆ ಓಡಿಸಿದವರೂ ಇದ್ದರು. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಮಾಡಿದ್ದಾದರೂ ಬೇರೆಯೇ? 1990ರ ದಶಕದಲ್ಲಿ ಅದೇ ಐವತ್ತರ ದಶಕದ ಮೈಗೆ 1817 ಸಿಸಿಯ ಇಸುಜು ಎಂಜಿನ್ ಇಟ್ಟು ಮಾರಿತು.

ಗ್ಯಾರೇಜಿನಲ್ಲಿ ಈ ಕೆಲಸ ನೋಡುತ್ತಾ ನಿಲ್ಲುವುದು ನನಗೆ ಬಲು ಇಷ್ಟ. "ಗೌಡ್ರೇ, ಎಂಜಿನ್ ಕೂರ್ಸೋದು ದೊಡ್ಡದಲ್ಲ, ಲೈನಿಗೆ ಬರ್ಬೇಕು" ಎಂದು ಮೆಕ್ಯಾನಿಕ್ ಹೇಳಿದರೆ ಆ ಮಾತಲ್ಲಿ ಇಡೀ ವಿದ್ಯೆಯಿದೆ. ಹೊಸ ಎಂಜಿನ್ನಿನ ಬೋಲ್ಟಿನ ತೂತುಗಳು ಹಳೇ ಗೇರ್ ಬಾಕ್ಸಿಗೆ ಹೊಂದದಿದ್ದರೆ ನಡುವೆ ದಪ್ಪ ತಗಡಿನ ಪ್ಲೇಟು ಕೊರೆಸಬೇಕು. ಅದಕ್ಕೆ ಲೇತಿನವರೇ ಗತಿ. ಕ್ರ್ಯಾಂಕಿನ ನಡುವೂ ಗೇರ್ ಬಾಕ್ಸ್ ಶಾಫ್ಟಿನ ನಡುವೂ ಒಂದೇ ಗೆರೆಯಲ್ಲಿ ಬರಬೇಕು. ಕೂದಲೆಳೆ ಆಚೀಚೆಯಾದರೂ ಬೇರಿಂಗ್ ಕೂಗುತ್ತದೆ, ಕ್ಲಚ್ ಪ್ಲೇಟು ಸವೆಯುತ್ತದೆ. ಆಮೇಲೆ ಎಂಜಿನ್ ಫೌಂಡೇಷನ್ ಬೆಸುಗೆ, ಸಂಪು ಮುಂದಿನ ಆಕ್ಸಲ್ಲಿಗೆ ತಾಗದಂತೆ ಎತ್ತರ, ರೇಡಿಯೇಟರಿಗೆ ಜಾಗ, ಸೈಲೆನ್ಸರ್ ಪೈಪಿಗೆ ಹೊಸ ತಿರುವು. ಡೀಸೆಲ್ ಎಂಜಿನ್ ಭಾರವಾದ್ದರಿಂದ ಮುಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಬೇಕು. ಅದು ಪೆಟ್ರೋಲಿನಷ್ಟು ವೇಗವಾಗಿ ಸುತ್ತುವುದೂ ಇಲ್ಲ. ಕ್ರೌನ್ ವೀಲು, ಪಿನಿಯನ್ನಿನ ಹಲ್ಲಿನ ಲೆಕ್ಕ ಬದಲಿಸದಿದ್ದರೆ ಪಾವಗಡದ ಹಳ್ಳಿ ದಾರಿಯಲ್ಲಿ ಚೆನ್ನಾಗಿ ಎಳೆದ ಜೀಪು, ಶಿರಾದ ಹೆದ್ದಾರಿಗೆ ಬಂದಾಗ ಅರಚುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿ ಬ್ರೇಕನ್ನು ಹಳೆಯದೇ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕೊರಟಗೆರೆ ದಾಟಿ ದೇವರಾಯನದುರ್ಗ ಹತ್ತಿದ ಜೀಪು ಇಳಿಯಲೂ ಬೇಕಲ್ಲ. ಎಂಜಿನ್ನಿಗೆ ಹಣ ತೆಗೆದಿಟ್ಟವರು ಮೊದಲು ಡ್ರಮ್ಮು, ಲೈನರು, ಬ್ರೇಕ್ ಪೈಪು ನೋಡಿಸಲಿ. ಒಳ್ಳೆಯ ಮೆಕ್ಯಾನಿಕನನ್ನು ನಾನು ಅಳೆಯುವುದು ಅವನು ಎಂಜಿನ್ ಬಿಟ್ಟು ಮತ್ತೇನೇನು ಬಿಚ್ಚಿ ನೋಡಿದ ಎಂಬುದರಿಂದ.

ಇನ್ನು ಕಾಗದ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ, ಈ ನಾಲ್ಕೂ ತಾಲ್ಲೂಕಿನ ಗಾಡಿಗಳಿಗೆ ಮಧುಗಿರಿ ಸಾರಿಗೆ ಕಚೇರಿಯ ಕೆಎ-64 ನೋಂದಣಿ. ಆರ್‌ಸಿಯಲ್ಲಿ ಚಾಸಿ ನಂಬರಿನ ಜೊತೆ ಎಂಜಿನ್ ನಂಬರೂ ಇರುತ್ತದೆ. ಎಂಜಿನ್ ಬದಲಾದರೆ ಅದು ಆರ್‌ಸಿಗೆ ಏರಲೇಬೇಕು. ಈಗ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಗಿಯಾಗಿದೆ. ತಯಾರಕರು ನಮೂದಿಸಿದ ವಿವರಕ್ಕೆ ಹೊಂದದ ಮಾರ್ಪಾಡು ಕೂಡದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿ ಹಿಡಿದಿದೆ. ಕಬ್ಬಿಣ ಕಡಿಯುವ ಮೊದಲೇ ಕಚೇರಿಗೆ ಹೋಗಿ ಕೇಳುವುದು ಲೇಸು.

ಅದೇ ಕಲಂ ಬ್ಯಾಟರಿಗೆ, ಗ್ಯಾಸಿಗೆ, ಸೌರಶಕ್ತಿಗೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು ಬಾಗಿಲು ತೆರೆದಿಟ್ಟಿದೆ. ಇದು ನನಗೆ ಹಿಡಿಸಿದ ಮಾತು. ನಮ್ಮ ಪಾವಗಡದಲ್ಲೇ 13,000 ಎಕರೆಯಲ್ಲಿ 2,050 ಮೆಗಾವಾಟ್ ಬಿಸಿಲ ಕರೆಂಟು ತಯಾರಾಗುತ್ತಿದೆ. ತುಕ್ಕು ಕಾಣದ ಹಳೇ ಜೀಪೊಂದಕ್ಕೆ ಕರೆಂಟಿನ ಮೋಟಾರು ಕೂತರೆ ಪಿಸ್ಟನ್ ತಿನ್ನುವ ಧೂಳಿನ ಭಯ ಇರದು. ಆದರೂ ಬ್ಯಾಟರಿಯ ಭಾರ ಯಾವ ಸ್ಪ್ರಿಂಗಿನ ಮೇಲೆ ಬೀಳುತ್ತದೆ, ಹಳೇ ಡ್ರಮ್ಮು ಅದನ್ನು ತಡೆಯುತ್ತದೆಯೇ ಎಂದು ಲೆಕ್ಕ ಹಾಕಲೇಬೇಕು. ಮೋಟಾರನ್ನು ಗೇರ್ ಬಾಕ್ಸಿಗೆ ಲೈನಾಗಿ ಜೋಡಿಸುವ ಪ್ಲೇಟು ಬೇಕೆಂದರೆ ಆಗಲೂ ಲೇತಿನವರ ಬಾಗಿಲಿಗೇ ಹೋಗಬೇಕು.