ಮಾಳಿಗೆಯ ಮೇಲೊಬ್ಬ ಮಾಸ್ತರ

ನನ್ನ ಮೂರು ಉದ್ಯೋಗಗಳನ್ನು ಅವ್ವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ನಲವತ್ತು ತುಂಬಿತು. ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಕಲಿಸುತ್ತೇನೆ ಎಂದಾಗ ‘ಮಾಸ್ತರ’ ಎಂದು ಸಮಾಧಾನಪಟ್ಟಳು. ಸಂಜೆ ಮನೆಗಳ ನಕ್ಷೆ ಹಾಕುತ್ತೇನೆ ಎಂದಾಗ ‘ಇಂಜಿನಿಯರ’ ಎಂದು ತಿದ್ದಿಕೊಂಡಳು. ರಜೆಯಲ್ಲಿ ಹಳ್ಳಿಗೆ ಹೋಗಿ ಕಂಡವರ ಮನೆಗಳ ಅಳತೆ ತೆಗೆಯುತ್ತೇನೆ ಎಂದಾಗ ಮಾತ್ರ, ‘ಅದಕ್ಕ ರೊಕ್ಕಾ ಕೊಡ್ತಾರೇನು?’ ಎಂದಳು. ಇಲ್ಲವೆಂದೆ. ಅಂದಿನಿಂದ ನೆಂಟರ ಮುಂದೆ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಕನ್ನಡದಲ್ಲಿ ನಾನು ವಾಸ್ತುಶಿಲ್ಪಿ. ಹಾಗೆಂದು ಒಮ್ಮೆ ಹೇಳಿಕೊಂಡ ತಪ್ಪಿಗೆ, ಒಲೆ ಆಗ್ನೇಯಕ್ಕೆ ಬಂದಿದೆಯೋ ಇಲ್ಲವೋ ನೋಡಿ ಹೋಗಿ ಎಂದು ನಾಲ್ಕು ಮನೆಯವರು ಕರೆದೊಯ್ದರು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಕಾಪಾಡುವುದು ಆ ಹೆಸರನ್ನು, ಹೆಸರಿಟ್ಟುಕೊಂಡವನನ್ನಲ್ಲ.

ತರಗತಿಯಲ್ಲಿ ಮಾತ್ರ ನನ್ನ ಗತ್ತೇ ಬೇರೆ. ಮನೆಗೆ ಬೇಕಾದ ಸಾಮಾನೆಲ್ಲ ಐದು ಮೈಲಿಯೊಳಗೇ ಸಿಗಬೇಕೆಂಬ ಗಾಂಧೀಜಿಯ ವಿಚಾರವನ್ನು ಆರ್ಕಿಟೆಕ್ಟ್ ಲಾರಿ ಬೇಕರ್ ತಲೆಗೆ ಹಚ್ಚಿಕೊಂಡ ಕತೆ ಬಂದರೆ ನನ್ನ ಗಂಟಲು ಕಟ್ಟುತ್ತದೆ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಸೆಕೆಯೂ ತಗ್ಗುತ್ತದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ಮಣ್ಣಿಗೆ ಚೂರು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡಿದ್ದನ್ನು ಹೇಳುವಾಗಲಂತೂ ಗಂಟೆ ಹೊಡೆದದ್ದೂ ಕೇಳಿಸುವುದಿಲ್ಲ. ಇಷ್ಟೆಲ್ಲ ಹೇಳಿ, ಲಿಫ್ಟ್ ಹತ್ತಿ, ಆರನೆಯ ಮಹಡಿಯ ಕಾಂಕ್ರೀಟ್ ಡಬ್ಬಿಯೊಳಗೆ ಮಲಗುತ್ತೇನೆ. ಸಂಜೆಯ ಗಿರಾಕಿಗಳಿಗೆ ಪಡುವಣ ಬಿಸಿಲಿಗೆ ಎದುರಾಗಿ ಗಾಜಿನ ಗೋಡೆ ಬೇಕು. ಹಾಕಿಕೊಡುತ್ತೇನೆ. ಇಎಂಐ ಎಂಬುದೊಂದಿದೆಯಲ್ಲ.

ರೊಕ್ಕವಿಲ್ಲದ ಮೂರನೆಯ ಕೆಲಸ ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ. ಹನ್ನೆರಡು ವಿದ್ಯಾರ್ಥಿಗಳು, ನಾಲ್ಕು ಟೇಪು. ಎರಡಡಿ ದಪ್ಪದ ಗೋಡೆ, ಮರದ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ತಲೆಬಾಗಿಲು ದಾಟಿದರೆ ಮೊದಲು ದನ, ಎರಡು ಮೆಟ್ಟಿಲು ಮೇಲೆ ಮನುಷ್ಯರು. ಮೇ ತಿಂಗಳ ಬಿಸಿಲಿಂದ ಒಳಗೆ ಕಾಲಿಟ್ಟರೆ ಮೈಗೆ ಮಜ್ಜಿಗೆ ಕುಡಿಸಿದಂತೆ. ತಡೆಯಲಾರದೆ ಅಲ್ಲೇ ಭಾಷಣ ಶುರುಮಾಡಿದೆ. ಮನೆಯ ಆಯಿ ಎಲೆಗೆ ಸುಣ್ಣ ಸವರುತ್ತ ಪೂರ್ತಿ ಕೇಳಿದಳು.

‘ಛಲೋ ಹೇಳಿದಿ, ತಮ್ಮಾ. ವರ್ಷಾ ಮಳಿಗಾಲದ ಮುಂದ ಮ್ಯಾಳಗಿಗೆ ಸವಳು ಮಣ್ಣು ಹಾಕಬೇಕಲ್ಲ, ಅದಕ್ಕೂ ಬರ್ತೀಯೇನು?’

ನಮ್ಮ ನಮೂನೆಯಲ್ಲಿ ತೊಲೆಗೊಂದು ಕಾಲಂ ಇತ್ತು, ಕಿಂಡಿಗೊಂದಿತ್ತು. ಬುಟ್ಟಿ ಹೊತ್ತು ಏಣಿ ಹತ್ತುವವರಿಗೆ ಇರಲಿಲ್ಲ. ಸೊಸೆಯಾಗಿ ಬಂದಾಗಿನಿಂದ ಹೊತ್ತವಳು ಅವಳೇ. ನೆಲ ಸಾರಿಸಿದವಳೂ ಅವಳೇ. ಮಗ ಗೋವಾದಲ್ಲಿ ಪರರ ಮನೆಗಳಿಗೆ ಸ್ಲ್ಯಾಬ್ ಹಾಕುತ್ತಾನೆ. ಹಳೆಯ ಮಣ್ಣು ಕೆರೆಯದೆ ಹೊಸದನ್ನೇ ಸುರಿದರೆ ಮಾಳಿಗೆ ಭಾರವಾಗುತ್ತದೆಂದೂ ಅವಳಿಗೆ ಗೊತ್ತು. 1993ರ ಕಿಲ್ಲಾರಿ ಭೂಕಂಪದಲ್ಲಿ ಅಂಥ ಮಾಳಿಗೆಗಳೇ ನಸುಕಿನಲ್ಲಿ ಮಲಗಿದ್ದವರ ಮೇಲೆ ಬಿದ್ದವು. ನಾನು ಪಾಠದಲ್ಲಿ ಅದನ್ನು ಒಂದೇ ಸ್ಲೈಡಿನಲ್ಲಿ ದಾಟಿಸುತ್ತಿದ್ದೆ.

ಮರುವರ್ಷ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಹೋದೆ. ಮೂರನೆಯ ಬುಟ್ಟಿಗೇ ನನ್ನ ಸೊಂಟ ರಾಜೀನಾಮೆ ಕೊಟ್ಟಿತು. ಕೆಳಗಿನಿಂದ ಆಯಿ, ‘ಮಾಸ್ತರ, ಕುಂಡ್ರಬ್ಯಾಡ್ರಿ, ಮಾಡ ಆಗೇತಿ!’ ಎಂದು ಕೂಗಿದಳು. ಅಲ್ಲಿಯವರೆಗೆ ತಮ್ಮ ಆಗಿದ್ದವನು ಮಾಸ್ತರನಾದದ್ದು ಆ ಏಣಿಯ ಮೇಲೆ. ಹುಡುಗರಿಗೆ ಇದಕ್ಕೆಷ್ಟು ಅಂಕ ಕೊಡಬೇಕೆಂದು ಸಿಲಬಸ್ ಹುಡುಕಿದೆ, ಸಿಗಲಿಲ್ಲ.

ಈ ಸಲ ಅವಳದೇ ಫೋನು ಬಂತು. ‘ಮಣ್ಣು ಹೊರಾಕ ಬರೂದು ಬ್ಯಾಡ್ರಿ. ಮಗಾ ಸ್ಲ್ಯಾಬ್ ಹಾಕ್ಸಾಕತ್ತಾನ. ನಕ್ಷಾ ಬರಕೊಡ್ರಿ.’

ಒಂದು ಗಳಿಗೆ ಮಾತು ಹೊರಡಲಿಲ್ಲ. ಆಮೇಲೆ ಕೂತು ಬರೆದೆ. ಕಟ್ಟೆ ಉಳಿಸಿದೆ, ದನಕ್ಕೆ ಹೊರಗೆ ಜಾಗ ಮಾಡಿದೆ. ಫೀಸೆಂದು ಒಂದು ಚೀಲ ಬಿಳಿಜೋಳ ಬಂತು. ಅವ್ವ ಈಗ ನೆಂಟರ ಮುಂದೆ ಮೂರನೆಯ ಉದ್ಯೋಗದ ಸುದ್ದಿಯನ್ನೂ ಎತ್ತುತ್ತಾಳೆ.

ಸ್ಲ್ಯಾಬಿನ ನಡುವೆ, ಹಳೆಯ ಜಾಗದಲ್ಲೇ, ಬೆಳಕಿಂಡಿ ಬಿಡಿಸಿದ್ದೇನೆ. ಮಗ ಅದು ನೀರಿನ ಪೈಪಿಗೆ ಬಿಟ್ಟ ತೂತು ಎಂದುಕೊಂಡಿದ್ದಾನೆ.